ಹನುಮಪ್ಪನ ಹೆಸರಿನಲ್ಲಿ ಕರಗಿದ ಬೊಜ್ಜು

ನಮ್ಮವರು ಕನ್ಯೆ ನೋಡಲು ಯಲಬುರ್ಗಾದ ನಮ್ಮ ಮನೆಗೆ ಬಂದ ದಿನ ಹೊಸ್ತಿಲು ಮೊದಲು ದಾಟಿದ್ದು ಅವರ ಹೊಟ್ಟೆ. ಅದರ ಹಿಂದೆ ಅವರು ಬಂದರು, ಅವರ ಹಿಂದೆ ಅವರ ತಾಯಿ. ಅಡುಗೆಮನೆಯ ಪರದೆ ಸರಿಸಿ ನಾನೂ ನನ್ನ ತಂಗಿಯೂ ನೋಡುತ್ತಿದ್ದೆವು.

"ಅಕ್ಕಾ, ಇವರನ್ನ ಮಾಡಿಕೊಂಡ್ರ ನಿನಗ ತೆಲಿದಿಂಬು ಬೇಕಾಗೂದಿಲ್ಲ ಬಿಡು" ಎಂದಳು ತಂಗಿ.

ನಾನು ಅವಳನ್ನು ಜಿಗುಟಿದೆ. ಆದರೆ ನಗು ನನಗೂ ಬಂದಿತ್ತು. ಹೊರಗೆ ಅವರ ತಾಯಿ ಮಗನ ಹೊಟ್ಟೆಯನ್ನೇ ಆಸ್ತಿಪತ್ರದಂತೆ ಮುಂದಿಟ್ಟು ಮಾತು ಶುರು ಮಾಡಿದ್ದರು. "ತಿಂದುಂಡು ಬೆಳದ ಮಗ ನೋಡ್ರಿ. ನಮ್ಮ ಮನ್ಯಾಗ ಹಾಲು, ತುಪ್ಪಕ್ಕ ಏನೂ ಕಡಿಮಿ ಇಲ್ಲ." ನಮ್ಮಪ್ಪ ತಲೆಯಾಡಿಸಿದರು. ಹೊಟ್ಟೆ ಬೆನ್ನಿಗೆ ಹತ್ತಿದ ಅಂಗಡಿಕಾರನನ್ನು ಕಂಡರೆ ನಮ್ಮ ಕಡೆ ಜನ ವ್ಯಾಪಾರ ಮುಳುಗಿರಬೇಕು ಎಂದುಕೊಳ್ಳುತ್ತಾರೆ. ಇವರಿಗೆ ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಸೀರೆ ಅಂಗಡಿ ಇತ್ತು. ವ್ಯಾಪಾರ ಚೆನ್ನಾಗಿದೆ ಎಂದು ಬಾಯಿಬಿಟ್ಟು ಹೇಳುವ ಅಗತ್ಯವೇ ಬೀಳಲಿಲ್ಲ.

ಮದುವೆಯಾಗಿ ಬಂದೆ. ಮುಂದೆ ಅಂಗಡಿ, ಹಿಂದೆ ಮನೆ. ನಡುವಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಹಾಕಿಕೊಂಡು ನಾನು ಜಂಪರು ಹೊಲಿಯಲು ಕುಳಿತೆ. ಅಲ್ಲಿಂದ ಅಂಗಡಿ ಪೂರ್ತಿ ಕಾಣುತ್ತಿತ್ತು. ನಮ್ಮವರು ಬಿಳಿ ಗಾದಿಯ ಮೇಲೆ ಕುಳಿತು ಬಂದವರಿಗೆ ಸೀರೆ ಬಿಚ್ಚಿ ತೋರಿಸುವರು. ಗಿರಾಕಿಗೆ ಮನಸ್ಸು ಹೊಯ್ದಾಡುತ್ತಿದೆ ಎಂದು ಕಂಡರೆ ಎದ್ದು ನಿಂತು, ಸೀರೆಯ ನೆರಿಗೆ ಹಿಡಿದು, ಸೆರಗನ್ನು ತಮ್ಮ ಹೆಗಲ ಮೇಲೇ ಹಾಕಿಕೊಂಡು, ಸ್ವಲ್ಪ ತಿರುಗಿ ನಿಲ್ಲುವರು. ಆ ಹೊಟ್ಟೆಯ ಮೇಲೆ ಇಳಕಲ್ ಸೀರೆಯ ಅಂಚು ಎಷ್ಟು ಅಂದವಾಗಿ ಹರಡುತ್ತಿತ್ತೆಂದರೆ ಹೆಂಗಸರು ಮರುಮಾತಿಲ್ಲದೆ ಕೊಳ್ಳುತ್ತಿದ್ದರು. ಮನೆಗೆ ಹೋಗಿ ಉಟ್ಟಾಗ ತಮಗೇಕೆ ಹಾಗೆ ಕಾಣುವುದಿಲ್ಲ ಎಂದು ಅವರಿಗೆ ತಿಳಿದಿರಲಿಕ್ಕಿಲ್ಲ.

ಹೊಟ್ಟೆ ಬೆಳೆಯುತ್ತಿರುವುದು ಮೊದಲು ನನ್ನ ಅಳತೆ ಟೇಪಿಗೆ ಗೊತ್ತಾಯಿತು. ಅವರ ಅಂಗಿ ಹೊಲಿಯುವವಳು ನಾನೇ. ಪ್ರತಿ ದೀಪಾವಳಿಗೂ ಬಟ್ಟೆ ಹೆಚ್ಚು ಬೇಕಾಗುತ್ತಿತ್ತು. ಅಳತೆ ಕೊಡಿ ಎಂದರೆ ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದುಕೊಳ್ಳುತ್ತಿದ್ದರು. ಹಾಗೆ ಹೊಲಿದ ಅಂಗಿಯನ್ನು ಉಸಿರು ಬಿಗಿಹಿಡಿದೇ ತೊಡಬೇಕಾಗುತ್ತಿತ್ತು. ಕೊನೆಗೆ ನಾನು ಉಪಾಯ ಮಾಡಿದೆ. ಮಧ್ಯಾಹ್ನ ಊಟ ಮಾಡಿ ಗಾದಿಯ ಮೇಲೆ ಗೊರಕೆ ಹೊಡೆಯುವಾಗ ಮೆಲ್ಲಗೆ ಟೇಪು ಸುತ್ತಿ ಅಳೆಯುತ್ತಿದ್ದೆ.

ಅತ್ತೆಯ ಕೈ ಧಾರಾಳ. ಬೆಳಿಗ್ಗೆ ಮಂಡಕ್ಕಿ ಒಗ್ಗರಣೆ ಜೊತೆ ಮಿರ್ಚಿ ಭಜಿ, ಮಧ್ಯಾಹ್ನ ಎಣ್ಣೆಗಾಯಿ, ರೊಟ್ಟಿ, ಅದರ ಮೇಲೆ ಅನ್ನ, ಅನ್ನದ ಮೇಲೆ ತುಪ್ಪ. ಮಗ ಸಾಕು ಎಂದರೆ ಆಕೆಗೆ ಅದು ಬೈಗುಳದ ಹಾಗೆ ಕೇಳಿಸುತ್ತಿತ್ತು. "ಇಡೀ ದಿನ ದುಡಿತಾನ, ಉಣ್ಣಲಿ" ಎನ್ನುವರು. ಇಡೀ ದಿನ ದುಡಿಯುತ್ತಿದ್ದುದು ನಿಜ, ಆದರೆ ಕುಳಿತಲ್ಲೇ.

ಕೆಲವು ವರ್ಷ ಕಳೆದವು. ಮನೆಯಲ್ಲಿ ತೊಟ್ಟಿಲು ತೂಗಲಿಲ್ಲ. ಅತ್ತೆ ಕೆಟ್ಟವರಲ್ಲ, ಒಂದು ಸುಡುಮಾತು ಆಡಿದವರಲ್ಲ. ಆದರೆ ಒಂದೊಂದೇ ಕಷಾಯ ಶುರುವಾಯಿತು. ಯಾವುದೋ ಬೇರು, ಯಾವುದೋ ತೊಗಟೆ. ಬೆಳಗಾಗುವುದೇ ತಡ, ಲೋಟ ಹಿಡಿದುಕೊಂಡು ನನ್ನೆದುರು ನಿಲ್ಲುವರು. "ಕಣ್ಣ ಮುಚ್ಚಿ ಕುಡದುಬಿಡವ್ವಾ." ನಾನು ಕಣ್ಣು ಮುಚ್ಚಿ ಕುಡಿಯುತ್ತಿದ್ದೆ. ಕಣ್ಣು ತೆರೆದರೆ ಎದುರಿಗೆ ನಮ್ಮವರು ಮಿರ್ಚಿ ಮುರಿಯುತ್ತ ಕುಳಿತಿರುತ್ತಿದ್ದರು.

ನಾದಿನಿಯ ಕುಬಸ ಕುಷ್ಟಗಿಯಲ್ಲಿ ಆಯಿತು. ಬಸುರಿಗೆ ಹಸಿರು ಸೀರೆ ಉಡಿಸಿ ಉಡಿ ತುಂಬುವ ಹೊತ್ತಿಗೆ ನಾನೂ ತಟ್ಟೆ ಹಿಡಿದು ಮುಂದೆ ಹೋದೆ. ಬೀಗರ ಕಡೆಯ ಒಬ್ಬ ಹಿರಿಯ ಹೆಂಗಸು ನನ್ನ ಕೈಯಿಂದ ತಟ್ಟೆ ತೆಗೆದುಕೊಂಡು, ಬಹಳ ಮೃದುವಾಗಿ, "ನೀ ಆಮ್ಯಾಲೆ ಬಾರವ್ವಾ, ಮೊದಲು ಮಕ್ಕಳೊಂದಿಗರು ತುಂಬಲಿ" ಎಂದಳು. ಬೈದಿದ್ದರೆ ತಿರುಗಿ ಏನಾದರೂ ಅನ್ನುತ್ತಿದ್ದೆ. ಆಕೆ ಮೃದುವಾಗಿ ಹೇಳಿದ್ದಳು. ಹಿತ್ತಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಸುಮ್ಮನೆ ಪಾತ್ರೆ ತೊಳೆದೆ. ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ.

ಆಮೇಲೆ ಒಂದು ದಿನ ಲೈನಿಂಗ್ ಬಟ್ಟೆ ತರುತ್ತೇನೆಂದು ಹೇಳಿ ಗಂಗಾವತಿಯ ಬಸ್ಸು ಹತ್ತಿದೆ. ಕೊಪ್ಪಳದಲ್ಲೇ ತೋರಿಸಬಹುದಿತ್ತು. ಆದರೆ ಕೊಪ್ಪಳದ ಪ್ರತಿ ದವಾಖಾನೆಯಲ್ಲೂ ನಮ್ಮ ಅಂಗಡಿಯ ಸೀರೆ ಉಟ್ಟವರು ಒಬ್ಬರಾದರೂ ಇರುತ್ತಾರೆ. ಗಂಗಾವತಿಯ ಡಾಕ್ಟರಮ್ಮ ವಯಸ್ಸಿನಲ್ಲಿ ನನಗಿಂತ ಸ್ವಲ್ಪವೇ ದೊಡ್ಡವರು. ಪರೀಕ್ಷೆಗಳೆಲ್ಲ ಮುಗಿದ ಮೇಲೆ, "ನಿಮ್ಮದೆಲ್ಲಾ ಛಲೋ ಐತ್ರಿ. ಇನ್ನ ಮನಿಯವರನ್ನ ಕರಕೊಂಡು ಬರ್ರಿ" ಎಂದರು.

"ಬರೂದಿಲ್ರಿ ಅವರು."

"ಯಾಕ?"

"ಗಂಡಸರ್ರೀ."

ಡಾಕ್ಟರಮ್ಮ ನಕ್ಕು, "ಹೆಂಗರ ಮಾಡಿ ಕರಕೊಂಡು ಬರ್ರಿ" ಎಂದರು. ಹೇಗಾದರೂ ಎಂದಮೇಲೆ ನನಗೆ ಒಂದೇ ದಾರಿ ಗೊತ್ತಿತ್ತು. ಮನೆಗೆ ಬಂದು, "ಗಂಗಾವತ್ಯಾಗ ಒಂದು ಖಾನಾವಳಿ ಐತಂತ್ರಿ, ಶೇಂಗಾ ಹೋಳಿಗಿ ಬಾಯಾಗ ಇಟ್ರ ಕರಗ್ತಾವಂತ" ಎಂದೆ. ಮುಂದಿನ ಅಮಾವಾಸ್ಯೆಗೆ ಅಂಗಡಿ ಬಂದ್ ಇತ್ತು. ತಾವೇ ಮುಂದಾಗಿ ಬಸ್ಸಿನಲ್ಲಿ ಸೀಟು ಹಿಡಿದರು. ಖಾನಾವಳಿಯಲ್ಲಿ ಹೊಟ್ಟೆ ತುಂಬ ಉಣಿಸಿ, ಎಲೆ ಅಡಿಕೆ ಹಾಕಿಸಿ, ಹಾಗೇ ಕೈಹಿಡಿದು ದವಾಖಾನೆಯ ಮೆಟ್ಟಿಲು ಹತ್ತಿಸಿದೆ. ಬೋರ್ಡು ಓದಿದ ಮೇಲೆ ಅವರು ನಿಂತುಬಿಟ್ಟರು. ಆದರೆ ಅಷ್ಟು ಉಂಡವರಿಗೆ ಓಡುವುದು ಸಾಧ್ಯವಿರಲಿಲ್ಲ.

ಒಳಗೆ ಬೆಂಚಿನ ಮೇಲೆ ಕುಳಿತೆವು. ಎದುರು ಬೆಂಚಿನಲ್ಲಿ ನಮ್ಮ ಹಳೆಯ ಗಿರಾಕಿಯೊಬ್ಬರು ಹೆಂಡತಿಯೊಂದಿಗೆ ಕುಳಿತಿದ್ದರು. ಅವರ ಮದುವೆಯ ಜವಳಿ ನಮ್ಮ ಅಂಗಡಿಯಲ್ಲೇ ಆಗಿತ್ತು. ಇಬ್ಬರು ಗಂಡಸರೂ ಒಬ್ಬರನ್ನೊಬ್ಬರು ನೋಡಿ ಬೆವರಿದರು.

"ಏನ್ ಸಾವ್ಕಾರ್ರ, ಈ ಕಡಿ?"

"ಮೊಣಕಾಲು ನೋಡ್ರಿ. ಭಾಳ ಹಿಡಕೊಂಡಾವ. ನೀವು?"

"ನಂದೂ ಮೊಣಕಾಲ್ರೀ."

ಹೆಂಗಸರಾದ ನಾವಿಬ್ಬರೂ ಮುಖ ನೋಡಿಕೊಂಡೆವು. ಸೆರಗು ಬಾಯಿಗೆ ಇಟ್ಟುಕೊಂಡು ಗೋಡೆಯ ಕಡೆ ತಿರುಗಿದೆವು. ಆ ಗೋಡೆಯ ತುಂಬ ಗುಂಡು ಗುಂಡು ಕೂಸುಗಳ ಫೋಟೋ.

ನಮ್ಮವರ ತೂಕ ನೋಡಿದರು, ರಕ್ತ ತೆಗೆದರು. ಕೊನೆಗೆ ನರ್ಸ್ ಒಂದು ಚಿಕ್ಕ ಡಬ್ಬಿ ಕೈಗಿಟ್ಟು ಮೂಲೆಯ ಕೋಣೆ ತೋರಿಸಿದಳು. ನಮ್ಮವರು ಡಬ್ಬಿಯನ್ನು ನೋಡಿದರು, ನನ್ನನ್ನು ನೋಡಿದರು. ಹೋಳಿಗೆಯ ಆಸೆಗೆ ಬಂದ ತಮ್ಮನ್ನು ಹೆಂಡತಿ ಎಂಥಲ್ಲಿಗೆ ತಂದು ನಿಲ್ಲಿಸಿದಳು ಎಂಬುದು ಆ ನೋಟದಲ್ಲಿತ್ತು. ಬಹಳ ಹೊತ್ತಿನ ಮೇಲೆ ಹೊರಗೆ ಬಂದು ಯಾರೂ ಕೇಳದಿದ್ದರೂ, "ಒಳಗ ಫ್ಯಾನ್ ಇಲ್ಲ" ಎಂದರು.

ಒಂದು ವಾರದ ನಂತರ ಡಾಕ್ಟರಮ್ಮ ಇಬ್ಬರನ್ನೂ ಕೂರಿಸಿಕೊಂಡು ವಿಷಯ ಹೇಳಿದರು. ವೀರ್ಯದಲ್ಲಿ ಬೀಜದ ಸಂಖ್ಯೆ ಕಡಿಮೆ ಇತ್ತು, ಅವುಗಳ ಓಡಾಟವೂ ಮಂದ. ಗಂಡಸಿನ ಹಾರ್ಮೋನು ಇರಬೇಕಾದಷ್ಟು ಇರಲಿಲ್ಲ.

"ನೋಡ್ರಿ, ಬೊಜ್ಜು ಅಂದ್ರ ಮೈಯಾಗ ಸುಮ್ಮನ ಕುಂತಿರೂ ತುಪ್ಪದ ಡಬ್ಬಿ ಅಂತ ತಿಳಕೊಂಡಿರತಾರ ಎಲ್ಲರೂ. ಅದು ಸುಮ್ಮನ ಕುಂದ್ರೂದಿಲ್ರಿ. ತಾನೂ ಹಾರ್ಮೋನು ತಯಾರ ಮಾಡಿ ರಕ್ತದಾಗ ಬಿಡತೈತಿ. ಲೆಪ್ಟಿನ್ ಅಂತ ಒಂದೈತಿ. 'ಉಂಡಿದ್ದು ಸಾಕು' ಅಂತ ಮೆದುಳಿಗೆ ಹೇಳೂದು ಅದರ ಕೆಲಸ. ಮಕ್ಕಳಾಗೂ ಕೆಲಸಕ್ಕೂ ಮೆದುಳು ಅದರ ಮಾತು ಕೇಳತೈತಿ. ಬೊಜ್ಜು ಹೆಚ್ಚಾದಂಗ ಅದೂ ಹೆಚ್ಚಾಗತೈತಿ. ಆದ್ರ ದಿನಾ ಕಿವಿ ಹತ್ರ ಒದರಿದ್ರ ಯಾರು ಕೇಳತಾರ? ಮೆದುಳು ಕಿವುಡಾಗಿಬಿಡತೈತಿ."

ನಮ್ಮವರು ಓರೆಗಣ್ಣಿನಿಂದ ನನ್ನ ಕಡೆ ನೋಡಿದರು. ದಿನವೂ ಕಿವಿಯ ಹತ್ತಿರ ಒದರುವವರು ಯಾರೆಂದು ಅವರ ಅಭಿಪ್ರಾಯ ನನಗೆ ಗೊತ್ತಾಯಿತು.

"ಇನ್ನೊಂದು ಏನಂದ್ರ, ಬೊಜ್ಜು ಗಂಡಸಿನ ಹಾರ್ಮೋನನ್ನ ಹೆಣ್ಣಿನ ಹಾರ್ಮೋನು ಮಾಡತೈತಿ."

"ಹೆಣ್ಣಿಂದು? ನನ್ನೊಳಗ?"

"ಎಲ್ಲಾ ಗಂಡಸರೊಳಗೂ ಒಂದಿಷ್ಟು ಇರತೈತ್ರಿ, ಬೇಕೂ ಬೇಕು. ನಿಮ್ಮೊಳಗ ಹೆಚ್ಚಾಗೈತಿ."

ನಮ್ಮವರು ನೆಲ ನೋಡುತ್ತ ಯೋಚಿಸಿದರು. ಆಮೇಲೆ ಮುಂದಕ್ಕೆ ಬಾಗಿ, ಹೊರಗಿನವರಿಗೆ ಕೇಳಿಸಬಾರದೆಂದು ದನಿ ತಗ್ಗಿಸಿ, "ಮೇಡಂ, ನಾ ದಿನಾ ಅಂಗಡ್ಯಾಗ ಮೈಮ್ಯಾಲೆ ಸೀರಿ ಹಾಕ್ಕೊಂಡು ತೋರಸ್ತೀನ್ರಿ. ಅದರಿಂದ ಏನರ ಆಗಿರಬಹುದೇನ್ರಿ?" ಎಂದು ಕೇಳಿದರು.

ಡಾಕ್ಟರಮ್ಮ ಮೇಜಿನ ಖಾನೆ ಎಳೆದು ತಲೆ ಒಳಗೆ ಹಾಕಿ ಏನನ್ನೋ ಹುಡುಕತೊಡಗಿದರು. ಅವರ ಭುಜ ಅಲುಗುತ್ತಿತ್ತು. ಏನೂ ಸಿಗದೆ ತಲೆ ಎತ್ತಿದಾಗ ಕಣ್ಣುಗಳು ಒದ್ದೆಯಾಗಿದ್ದವು.

"ಸೀರಿಯಿಂದ ಏನೂ ಆಗೂದಿಲ್ಲ, ಧೈರ್ಯಲೇ ತೋರಸ್ರಿ. ಇದು ನಮ್ಮ ಕಾಲುವಿ ಇದ್ದಂಗ. ಮ್ಯಾಲೆ ಗೇಟಿನ ಹತ್ರ ಇರಾಂವಗ, ಹೊಲಕ್ಕೆಲ್ಲಾ ನೀರು ಬಂದೈತಿ ಅಂತ ಯಾರರ ಸುಳ್ಳ ಸುದ್ದಿ ಮುಟ್ಟಿಸಿದ್ರ ಏನ ಮಾಡತಾನ? ಗೇಟ್ ಇಳಸ್ತಾನ. ಕಡೀ ಹೊಲ ಒಣಗತೈತಿ. ನಿಮ್ಮ ಮೆದುಳೂ ಹೆಣ್ಣಿನ ಹಾರ್ಮೋನು ನೋಡಿ, ಎಲ್ಲಾ ಸಾಕಷ್ಟೈತಿ ಅಂತ ಕೆಳಗ ಹುಕುಂ ಕಳಸೂದು ಕಡಿಮಿ ಮಾಡೈತಿ."

ಇದೊಂದೇ ಕಾರಣ ಎಂದು ತಾನು ಆಣೆ ಮಾಡಿ ಹೇಳಲಾರೆ ಎಂದೂ ಅವರು ಸೇರಿಸಿದರು. ಇಷ್ಟೇ ಹೊಟ್ಟೆ ಇದ್ದು ಮನೆ ತುಂಬ ಮಕ್ಕಳಿರುವವರೂ ಇದ್ದಾರೆ, ಕಡ್ಡಿಯಂತಿದ್ದು ತೊಂದರೆ ಇರುವವರೂ ಇದ್ದಾರೆ. ಆದರೆ ಇವರಲ್ಲಿ ಬೇರೆ ದೋಷ ಕಾಣುತ್ತಿಲ್ಲ. ಮೊದಲು ಹೊಟ್ಟೆ ಇಳಿಯಲಿ, ಉಳಿದದ್ದು ಆಮೇಲೆ. "ಗಂಡಸ್ತನದ ಪುಡಿ, ಇಂಜೆಕ್ಷನ್ ಅಂತ ಯಾರರ ಹೇಳಿದ್ರ ಮಾತ್ರ ಹತ್ರ ಹೋಗಬ್ಯಾಡ್ರಿ. ಇದ್ದದ್ದೂ ಹೋಗತೈತಿ."

ತಿರುಗಿ ಬರುವಾಗ ಬಸ್ಸಿನಲ್ಲಿ ನಮ್ಮವರು ಕಿಟಕಿಯ ಹೊರಗೆ ನೋಡುತ್ತ ಕುಳಿತರು. ಭತ್ತದ ಗದ್ದೆಗಳು ಮುಗಿದು ಒಣ ಹೊಲ ಶುರುವಾದ ಮೇಲೆ ಮೆಲ್ಲಗೆ ನನ್ನ ಕೈ ಹಿಡಿದರು. "ಇಷ್ಟು ವರ್ಷ ನೀ ಆ ಕಷಾಯ ಕುಡದಿ" ಎಂದರು. ಆಮೇಲೆ, "ಅವ್ವಗ ಮಾತ್ರ ಹೇಳಬ್ಯಾಡ" ಎಂದರು.

"ಹೇಳೂದಿಲ್ಲ" ಎಂದೆ. ಆದರೆ ಅತ್ತೆಗೆ ಹೇಳದೆ ಆ ಮನೆಯಲ್ಲಿ ಒಂದು ಚಮಚ ತುಪ್ಪ ಕಡಿಮೆ ಮಾಡುವುದು ಹೇಗೆ? ಬಸ್ಸು ಕೊಪ್ಪಳ ಮುಟ್ಟುವಷ್ಟರಲ್ಲಿ ನನಗೆ ದಾರಿ ಹೊಳೆದಿತ್ತು.

ಮರುದಿನ ಬೆಳಿಗ್ಗೆ ಲೋಟ ಹಿಡಿದು ಬಂದ ಅತ್ತೆಗೆ ಹೇಳಿದೆ: "ಅತ್ತಿ, ನಿನ್ನೆ ಗಂಗಾವತಿಯೊಳಗ ಒಬ್ಬ ದೊಡ್ಡ ತಾಯಿ ಭೆಟ್ಟಿ ಆದ್ರು. ನಮ್ಮ ಕಷ್ಟ ಕೇಳಿ ಒಂದು ಹರಕಿ ಹೇಳ್ಯಾರ. ಹನುಮನಹಳ್ಳಿ ಅಂಜನಾದ್ರಿ ಬೆಟ್ಟನ ಶನಿವಾರಕ್ಕೊಮ್ಮಿ ಹತ್ತಬೇಕಂತ. ನಾ ಅಲ್ಲ, ಇವರು."

ಇದರಲ್ಲಿ ಬೆಟ್ಟದ ಹರಕೆ ಒಂದನ್ನು ಬಿಟ್ಟರೆ ಸುಳ್ಳು ಇರಲಿಲ್ಲ. ಅತ್ತೆ ಲೋಟ ಕೆಳಗಿಟ್ಟರು. "ಏ ಹುಚ್ಚಿ, ಬ್ರಹ್ಮಚಾರಿ ದೇವರ ಹತ್ರ ಮಕ್ಕಳನ್ನ ಬೇಡ್ತಾರೇನ?"

"ಅಂವ ತನಗ ಬ್ಯಾಡ ಅಂದಾನಲ್ರಿ. ಆ ಪಾಲು ಹಂಗಽ ಉಳದಿರತೈತಿ. ನಮಗ ಕೊಡಲಿ."

ಅತ್ತೆ ಇದನ್ನು ಬಹಳ ಹೊತ್ತು ಯೋಚಿಸಿದರು. ವ್ಯಾಪಾರಸ್ಥರ ಮನೆಯ ಹೆಂಗಸು, ಲೆಕ್ಕ ಸರಿಬಿತ್ತು. ಆಮೇಲೆ ನಾನು ಹರಕೆಯ ನೇಮಗಳನ್ನು ಒಂದೊಂದಾಗಿ ಬಿಚ್ಚಿದೆ. ಹರಕೆ ಮುಗಿಯುವ ತನಕ ಕರಿದದ್ದು ಬಾಯಿಗೆ ಹೋಗಬಾರದು. ತುಪ್ಪ ದೇವರ ದೀಪಕ್ಕೆ ಮಾತ್ರ. ರೊಟ್ಟಿ, ಕಾಳುಪಲ್ಯ, ಮಜ್ಜಿಗೆ. ಮಧ್ಯಾಹ್ನ ನಿದ್ದೆ ಮಾಡಬಾರದು. ಬೆಳಿಗ್ಗೆ ನಡೆದುಕೊಂಡೇ ಊರಿನ ಹನುಮಪ್ಪನ ಗುಡಿಗೆ ಹೋಗಿ ಬರಬೇಕು. ಹತ್ತಿರದ ಗುಡಿ ಅಲ್ಲ, ದೂರದ್ದು. ನಮ್ಮವರು ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದರು. ಅವರ ಮುಖ ಒಂದೊಂದು ನೇಮಕ್ಕೂ ಒಂದೊಂದು ಬಣ್ಣ ತಿರುಗುತ್ತಿತ್ತು. ಅಲ್ಲಗಳೆಯುವ ಹಾಗಿರಲಿಲ್ಲ.

ನಾನು ಹೇಳಿದ್ದರೆ ವಾರದಲ್ಲಿ ಮುರಿದುಹೋಗುತ್ತಿತ್ತು. ದೇವರ ಹೆಸರು ಬಂದ ಮೇಲೆ ಅತ್ತೆ ಪೊಲೀಸರಾದರು. ಮಗ ಹೊರಗಿನಿಂದ ಬಂದರೆ ಮೊದಲು ಕೈ ಮೂಸಿ ನೋಡುವರು. ಒಮ್ಮೆ ಬೆರಳಲ್ಲಿ ಮಿರ್ಚಿಯ ವಾಸನೆ ಸಿಕ್ಕಿತು. "ಹನಮಪ್ಪನ ಮುಂದ ಕಳವು ಮಾಡ್ತೀಯೇನೋ ಭಾಡ್ಯಾ!" ಎಂದು ಆ ವಾರ ಶನಿವಾರದ ಜೊತೆಗೆ ಮಂಗಳವಾರವೂ ಬೆಟ್ಟ ಹತ್ತಿಸಿದರು.

ಮೊದಮೊದಲು ನಾವಿಬ್ಬರೇ ಹೋಗುತ್ತಿದ್ದೆವು. ನಮ್ಮವರು ಒಂದಿಷ್ಟು ಮೆಟ್ಟಿಲು ಹತ್ತಿ ಕುಳಿತು, ತುಂಗಭದ್ರೆಯನ್ನೂ ಬಾಳೆತೋಟಗಳನ್ನೂ ಬಂಡೆಗಳನ್ನೂ ಹೊಗಳುವರು. ಇಷ್ಟು ಪ್ರಕೃತಿಪ್ರೇಮ ಅವರಲ್ಲಿದೆಯೆಂದು ನನಗೆ ಗೊತ್ತೇ ಇರಲಿಲ್ಲ. ಕೋಲೂರಿಕೊಂಡು ಬರುವ ಅಜ್ಜಿಯರು "ಹತ್ತಪಾ, ಹತ್ತು" ಎನ್ನುತ್ತ ದಾಟಿ ಹೋಗುವರು. ಆಗ ಮರ್ಯಾದೆಗೆ ಅಂಜಿ ಏಳುವರು.

ಒಂದು ಶನಿವಾರ ಅತ್ತೆಯೂ ಹೊರಟರು. ಅವರಿಗೆ ಹತ್ತಲು ಆಗುತ್ತಿರಲಿಲ್ಲ. ಬೆಟ್ಟದ ಬುಡದಲ್ಲಿ ಬೇವಿನ ಮರದ ಕೆಳಗೆ ನಾನೂ ಅವರೂ ಕುಳಿತೆವು. ನಮ್ಮವರು ಒಬ್ಬರೇ ಹತ್ತಿದರು. ಎಂದಿಗಿಂತ ಬಹಳ ಬೇಗ ಇಳಿದು ಬಂದರು. ಹಣೆಯಲ್ಲಿ ಕುಂಕುಮ, ಕಿವಿಯಲ್ಲಿ ಹೂವು. "ದರ್ಶನ ಭಾಳ ಛಲೋ ಆತವ್ವಾ" ಎಂದರು.

ಅತ್ತೆ ಎದ್ದು ನಿಂತು ಮಗನ ಬೆನ್ನಿನ ಮೇಲೆ ಅಂಗೈ ಒರೆಸಿದರು. ಕೈ ನೋಡಿಕೊಂಡರು. ಒಣಗಿತ್ತು.

"ಹನಮಪ್ಪ ಕುಂಕುಮ ಕೊಟ್ಟ, ಹೂವು ಕೊಟ್ಟ. ಬೆವರು ಕೊಡಲಿಲ್ಲೇನೋ?"

ತಿರುವಿನಲ್ಲಿ ಬಂಡೆಯ ಹಿಂದೆ ನೆರಳಿಗೆ ಕುಳಿತು, ಇಳಿದು ಬರುತ್ತಿದ್ದ ಯಾರೋ ಭಕ್ತರಿಂದ ಕುಂಕುಮ ಬೇಡಿ ಹಚ್ಚಿಕೊಂಡಿದ್ದರು. ಅತ್ತೆ ಬೆಟ್ಟದ ಕಡೆ ಬೆರಳು ತೋರಿಸಿದರು, ಅಷ್ಟೇ. ನಮ್ಮವರು ಮತ್ತೆ ಹತ್ತಿದರು. ಈ ಸಲ ಇಳಿದು ಬಂದಾಗ ಅಂಗಿಯನ್ನು ಹಿಂಡಿದರೆ ನೀರು ಸುರಿಯುತ್ತಿತ್ತು. ಅತ್ತೆ ಅದನ್ನು ಮುಟ್ಟಿ ನೋಡಿ ಕೈ ಕಣ್ಣಿಗೊತ್ತಿಕೊಂಡರು.

ಮಳೆಗಾಲ ಹೋಗಿ ಚಳಿ ಬಂತು. ಅಂಗಿಗಳನ್ನು ಒಳಕ್ಕೆ ಹಿಡಿದು ಹೊಲಿಯತೊಡಗಿದೆ. ನಮ್ಮವರಿಗೆ ಬೆಟ್ಟದ ಮೇಲೆ ಕೂರುವ ಚಟ ತಪ್ಪಿತ್ತು. ಅಂಗಡಿಯಲ್ಲಿ ಗಾದಿ ಬಿಟ್ಟು ನಿಂತೇ ಸೀರೆ ತೋರಿಸುತ್ತಿದ್ದರು. ಎಲ್ಲಕ್ಕಿಂತ ಹೆಚ್ಚಾಗಿ, ಹಗಲೆಲ್ಲ ಸಿಡುಕದೆ ಹಾಡು ಗುನುಗುತ್ತಿದ್ದರು. ನನ್ನನ್ನು ನೋಡುವ ನೋಟವೂ ಬದಲಾಗಿತ್ತು. ಅದನ್ನು ಇಲ್ಲಿ ಬಿಡಿಸಿ ಬರೆಯುವುದಿಲ್ಲ.

ಮತ್ತೆ ಪರೀಕ್ಷೆ ಮಾಡಿಸಿ, ಅದರ ಫಲ ಕೇಳಲು ಗಂಗಾವತಿಗೆ ಹೊರಟಾಗ ಅತ್ತೆ ತಾವೂ ಬರುತ್ತೇನೆಂದು ಹಟ ಹಿಡಿದರು. ಹರಕೆ ಹೇಳಿದ ಆ ದೊಡ್ಡ ತಾಯಿಯ ಕಾಲಿಗೆ ಬೀಳಬೇಕಂತೆ. ತಪ್ಪಿಸಲು ಆಗಲಿಲ್ಲ. ದವಾಖಾನೆಯೊಳಗೆ ಕರೆ ಬಂದಾಗ ನಮ್ಮಿಬ್ಬರ ನಡುವೆ ನುಗ್ಗಿ ತಾವೇ ಮೊದಲು ಒಳಗೆ ಹೋದರು. ಡಾಕ್ಟರಮ್ಮನಿಗೆ ನಮ್ಮ ಗುಟ್ಟು ಗೊತ್ತಿರಲಿಲ್ಲ. ನಮ್ಮವರ ಕಡೆ ನೋಡಿ, ತಾಯಿಯ ಎದುರೇ ಹೇಳಲೇ ಎಂದು ಕೇಳಿದರು. ನಮ್ಮವರು ಒಂದು ಕ್ಷಣ ತಾಯಿಯನ್ನು ನೋಡಿ, "ಹೇಳ್ರಿ" ಎಂದುಬಿಟ್ಟರು.

"ನಿಮ್ಮ ಮಗ ಭಾಳ ಶಾಣ್ಯಾ ಅದಾನ್ರಿ ಅಮ್ಮಾ. ಹೊಟ್ಟಿ ಇಳಸ್ಯಾನ. ಅವನೊಳಗ ಕಡಿಮಿ ಇದ್ದದ್ದು ಈಗ ಏರೈತಿ."

ಅತ್ತೆ ಮಗನನ್ನು ನೋಡಿದರು, ನನ್ನನ್ನು ನೋಡಿದರು. ಅವರಿಗೆ ಎರಡನೇ ಸಲ ಹೇಳಬೇಕಾಗಲಿಲ್ಲ. ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕುಳಿತರು. ನನಗೆ ಹೆದರಿಕೆ ಶುರುವಾಗಿತ್ತು.

"ದೊಡ್ಡ ತಾಯಿ ಅಂದ್ರ ಈಕೀನ?" ಎಂದರು.

"ಹೌದ್ರಿ ಅತ್ತಿ."

"ವಯಸ್ಸಿನಾಗ ನನ್ನ ಮಗಳಂಥಾಕಿ."

"ಕಲತದ್ದು ದೊಡ್ಡದೈತಲ್ರಿ."

ಬೈಯುತ್ತಾರೆಂದುಕೊಂಡೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು, "ನಾನಽ ಉಣಿಸೀನಿ, ನಾನಽ ನಿನಗ ಕಷಾಯ ಕುಡಿಸೀನಿ. ಕುಷ್ಟಗ್ಯಾಗ ಆಕಿ ನಿನ್ನ ಕೈಯಾನ ತಟ್ಟಿ ಕಸಗೊಂಡಾಗ ನಾ ನೋಡಿದೆ, ಸುಮ್ಮನಿದ್ದೆ" ಎಂದರು. ಹಾಗೇ ಸ್ವಲ್ಪ ಹೊತ್ತು ಅತ್ತು, ಮೂಗು ಒರೆಸಿಕೊಂಡು, ಮುಂದಿನ ಸೀಟಿನಲ್ಲಿದ್ದ ಮಗನ ತಲೆಗೆ ಹಿಂದಿನಿಂದ ಒಂದು ಮೊಟಕಿದರು. "ಇನ್ನ ಶನಿವಾರಕ್ಕೊಮ್ಮಿ ಅಲ್ಲ, ವಾರಕ್ಕೆರಡು ಸಲ ಹತ್ತು!"

ಮರುವರ್ಷ ನಮಗೆ ಮಗಳು ಹುಟ್ಟಿದಳು. ಬೊಜ್ಜು ಕರಗಿದ್ದಕ್ಕೋ, ಡಾಕ್ಟರಮ್ಮ ನಡುವೆ ಕೊಟ್ಟ ಗುಳಿಗೆಗಳಿಗೋ, ಸುಮ್ಮನೆ ಕಾಲ ಕೂಡಿ ಬಂತೋ, ಡಾಕ್ಟರಮ್ಮನೇ ಖಚಿತವಾಗಿ ಹೇಳಲಿಲ್ಲ. ಅತ್ತೆಗೆ ಮಾತ್ರ ಯಾವ ಅನುಮಾನವೂ ಇಲ್ಲ. ಅರ್ಧ ಹನುಮಪ್ಪ, ಅರ್ಧ ಡಾಕ್ಟರಮ್ಮ ಎಂದು ಪಾಲು ಮಾಡಿ ಇಬ್ಬರಿಗೂ ಎಡೆ ಕೊಟ್ಟು ಬಂದರು.

ಒಂದು ದಿನ ಹಿಂದಿನ ಓಣಿಯಿಂದ ಅತ್ತೆಯ ಗೆಳತಿ ಬಂದು ತಮ್ಮ ಸೊಸೆಗೆ ಇನ್ನೂ ಏನೂ ಇಲ್ಲ, ಯಾರಿಗೆ ತೋರಿಸಬೇಕೋ ಎಂದು ಕಣ್ಣೀರಿಟ್ಟರು. ಅತ್ತೆ ಚಹಾದ ಬಟ್ಟಲು ಕೈಗೆ ಕೊಟ್ಟು, "ಸೊಸಿನ್ನ ಬಿಡವ್ವಾ. ಮೊದಲು ನಿನ್ನ ಮಗನ್ನ ಕಳಸು, ಹೊಟ್ಟಿ ನೋಡೂಣು" ಎಂದರು. ಗೆಳತಿ ಚಹಾ ಅರ್ಧಕ್ಕೇ ಬಿಟ್ಟು ಎದ್ದು ಹೋದರು. ಎಷ್ಟೋ ದಿನ ನಮ್ಮ ಓಣಿಗೆ ಕಾಲಿಡಲಿಲ್ಲ. ಆಮೇಲೊಂದು ಶುಕ್ರವಾರ ಸಂಜೆ ಅವರ ಮಗ ಅಂಗಡಿಗೆ ಬಂದ. ಸೀರೆ ನೋಡುವವನಂತೆ ಅದನ್ನೂ ಇದನ್ನೂ ಮುಟ್ಟಿ, ಬೇರೆ ಗಿರಾಕಿಗಳು ಹೋಗುವ ತನಕ ಕಾದು, ನಮ್ಮವರ ಕಿವಿಯ ಹತ್ತಿರ ಬಾಗಿ ಕೇಳಿದ:

"ಅಣ್ಣಾ, ಹನುಮನಹಳ್ಳಿಗೆ ಮುಂಜಾನಿ ಮೊದಲನೇ ಬಸ್ಸು ಎಷ್ಟಕ್ಕ ಐತಿ?"